ಸೆಪ್ಟೆಂಬರ್‌ನ ಒಂದು ಅಂಕಿ ಹಿಡ್ಕೊಂಡು ಆರ್ಕ್ಟಿಕ್ ಅಳೀಬೇಡಿ

"2012ರ ದಾಖಲೆ ಇನ್ನೂ ಮುರಿದಿಲ್ಲ, ಅಂದಮೇಲೆ ಆರ್ಕ್ಟಿಕ್ ಚೇತರಿಸಿಕೊಂಡಿದೆ." ಪ್ರತಿ ಸೆಪ್ಟೆಂಬರ್‌ನಲ್ಲೂ ಈ ಮಾತು ಓಡಾಡುತ್ತೆ. ಮೊದಲರ್ಧ ನಿಜ. ಆರ್ಕ್ಟಿಕ್ ಸಮುದ್ರದ ಮಂಜುಗಡ್ಡೆ ಬೇಸಿಗೆ ಮುಗಿಯೋ ಸೆಪ್ಟೆಂಬರ್‌ನಲ್ಲಿ ವರ್ಷದ ಕನಿಷ್ಠಕ್ಕೆ ಇಳಿಯುತ್ತೆ. 2012ರಲ್ಲಿ ಅದು ಸುಮಾರು 34 ಲಕ್ಷ ಚದರ ಕಿಲೋಮೀಟರ್‌ಗೆ ಕುಗ್ಗಿತ್ತು. 2025ರವರೆಗೂ ಅದಕ್ಕಿಂತ ಕೆಳಗೆ ಹೋಗಿಲ್ಲ. ಆದರೆ ಅದೇ ಪಟ್ಟಿಯನ್ನ ಪೂರ್ತಿ ಓದಿ. 1979ರಿಂದ ಇರೋ ಉಪಗ್ರಹ ದಾಖಲೆಯಲ್ಲಿ ಅತಿ ಕಡಿಮೆಯ 19 ಕನಿಷ್ಠಗಳನ್ನ ಹೆಕ್ಕಿ ತೆಗೆದರೆ, ಸಿಗೋದು 2007ರಿಂದ 2025ರವರೆಗಿನ 19 ವರ್ಷಗಳೇ. ಒಂದೂ ತಪ್ಪಿಲ್ಲ. ಇದನ್ನ ಚೇತರಿಕೆ ಅನ್ನೋಕೆ ಧೈರ್ಯ ಬೇಕು.

ನನ್ನ ತಕರಾರು ಇನ್ನೊಂದು. ಆ ಅಂಕಿ ಹಿಡಿದು ಗಾಬರಿ ಬೀಳೋರೂ, ಅದನ್ನೇ ಹಿಡಿದು ಗೇಲಿ ಮಾಡೋರೂ, ಅದು ಹುಟ್ಟೋದು ಹೇಗೆ ಅಂತ ನೋಡೋದೇ ಇಲ್ಲ.

ಆಕಾಶದಿಂದ ಫೋಟೊ ತೆಗೆದು ಎಣಿಸೋ ಕೆಲಸ ಅಲ್ಲ ಇದು. ಚಳಿಗಾಲದಲ್ಲಿ ಕತ್ತಲು, ಬೇಸಿಗೆಯಲ್ಲಿ ಮೋಡ. ಅದಕ್ಕೇ ಮೇಲ್ಮೈ ತಾನಾಗಿ ಹೊಮ್ಮಿಸೋ ಮೈಕ್ರೋವೇವ್ ಅಳೀತಾರೆ. ಮಂಜುಗಡ್ಡೆಯಿಂದ ಅದು ನೀರಿಗಿಂತ ಜಾಸ್ತಿ ಬರುತ್ತೆ. ಸಮುದ್ರವನ್ನ 25 ಕಿಲೋಮೀಟರ್ ಉದ್ದಗಲದ ಚೌಕಗಳಾಗಿ ಹಂಚಿರ್ತಾರೆ. ಒಂದು ಚೌಕ ಅಂದ್ರೆ 625 ಚದರ ಕಿಲೋಮೀಟರ್. ಅದರಲ್ಲಿ ಶೇ. 15ರಷ್ಟು ಗಡ್ಡೆ ಇದ್ದರೆ ಸಾಕು, ಇಡೀ ಚೌಕ ಲೆಕ್ಕಕ್ಕೆ ಬಿತ್ತು. ಇರೋದು 94, ಬರೆಯೋದು 625! ಹೀಗೆ ಕೂಡಿದ್ದು ವ್ಯಾಪ್ತಿ. ನಿಜವಾಗಿ ಇರೋ ಗಡ್ಡೆಯನ್ನಷ್ಟೇ ಕೂಡಿದರೆ ಅದು ವಿಸ್ತೀರ್ಣ. ಸುದ್ದಿಯಲ್ಲಿ ಬರೋದು ಹೆಚ್ಚಾಗಿ ಮೊದಲನೆಯದು.

ಈಗ ಹತ್ತು ಚೌಕ ತಗೊಳ್ಳಿ, ಪ್ರತಿಯೊಂದರಲ್ಲೂ ಶೇ. 90 ಗಡ್ಡೆ. ವ್ಯಾಪ್ತಿ 6,250. ಗಾಳಿ ಬೀಸಿ ಅದೇ ಗಡ್ಡೆ ಮೂವತ್ತು ಚೌಕಕ್ಕೆ ಶೇ. 30ರಂತೆ ಚೆದುರಿತು ಅನ್ನಿ. ವ್ಯಾಪ್ತಿ 18,750. ಒಂದು ಗ್ರಾಂ ಗಡ್ಡೆ ಹೆಚ್ಚಾಗಿಲ್ಲ, ಗ್ರಾಫ್ ಮಾತ್ರ ಮೂರು ಪಟ್ಟು ಜಿಗೀತು. ಗಾಳಿ ತಿರುಗಿ ಗಡ್ಡೆಯನ್ನ ಒತ್ತರಿಸಿದರೆ ಇದೇ ಉಲ್ಟಾ.

ಹಾಗಾದ್ರೆ ವಿಸ್ತೀರ್ಣವನ್ನೇ ಯಾಕೆ ಬಳಸಬಾರದು? ಬೇಸಿಗೆಯಲ್ಲಿ ಗಡ್ಡೆಯ ಮೇಲ್ಭಾಗ ಕರಗಿ, ಆ ನೀರು ಅದರ ಮೇಲೇ ಕೊಳಗಳಾಗಿ ನಿಲ್ಲುತ್ತೆ. ಉಪಗ್ರಹದ ಕಣ್ಣಿಗೆ ಆ ಕೊಳವೂ ಸಮುದ್ರವೂ ಒಂದೇ. ವಿಸ್ತೀರ್ಣ ಅಲ್ಲಿ ಸುಳ್ಳೇ ಇಳಿಯುತ್ತೆ, ಶೇ. 15ರ ಮಿತಿ ಆ ತಪ್ಪನ್ನ ಬಹುಪಾಲು ನುಂಗಿಬಿಡುತ್ತೆ.

ಮನೇಲಿ ಕೂತು ಗ್ರಾಫ್ ನೋಡೋರು ದಿನದ ಅಂಕಿ ಬಿಟ್ಟು ಐದು ದಿನದ ಸರಾಸರಿ ನೋಡಿ. ವರ್ಷ ವರ್ಷ ಹೋಲಿಸೋದಾದ್ರೆ ಇಡೀ ಸೆಪ್ಟೆಂಬರ್‌ನ ಸರಾಸರಿ. ಎರಡು ಸಂಸ್ಥೆಗಳ ಅಂಕಿ ಒಂದೇ ಹಾಳೇಲಿ ಬೆರೆಸಬೇಡಿ, ಉಪಕರಣ, ಲೆಕ್ಕದ ದಾರಿ ಎರಡೂ ಬೇರೆ. ಇನ್ನು 2012ರಿಂದ ಗೆರೆ ಎಳೆಯೋದು, ಅದು ಗುಂಡಿಯೊಳಗೆ ನಿಂತು ಬೆಟ್ಟ ಅಳೆದ ಹಾಗೆ.

ನಿಜವಾದ ಕಥೆ ಇರೋದು ದಪ್ಪದಲ್ಲಿ, ವ್ಯಾಪ್ತಿ ಅದನ್ನ ತೋರಿಸಲ್ಲ. 2025ರ ಮಾರ್ಚ್‌ನ ಗರಿಷ್ಠ ವ್ಯಾಪ್ತಿ ಸುಮಾರು 143 ಲಕ್ಷ ಚದರ ಕಿಲೋಮೀಟರ್, ಅಲ್ಲಿಯವರೆಗಿನ ದಾಖಲೆಯಲ್ಲೇ ಅತಿ ಕಡಿಮೆ. ಅದೇ ವರ್ಷ ಸೆಪ್ಟೆಂಬರ್ ಕನಿಷ್ಠ ಸುಮಾರು 46 ಲಕ್ಷ, ದಾಖಲೆಗೆ ಹತ್ತಿರವೂ ಇಲ್ಲ. ಬೇಸಿಗೆಯ ಹವಾಮಾನ ಅಷ್ಟು ಆಟ ಆಡಿಸುತ್ತೆ. ಜೊತೆಗೆ ತೆಳು ಗಡ್ಡೆಗೆ ಒಂದು ಗುಣ ಇದೆ: ಕೆಳಗಿನ ನೀರಿನ ಶಾಖ ಅದರ ಮೂಲಕ ಬೇಗ ಹೊರಗೆ ಹೋಗೋದ್ರಿಂದ ಚಳಿಗಾಲದಲ್ಲಿ ಅದು ಬೇಗ ಬೆಳೆಯುತ್ತೆ. ಒಂದೇ ಚಳಿಗಾಲದಲ್ಲಿ ಒಂದೂವರೆ, ಎರಡು ಮೀಟರ್ ಆಗಬಹುದು. ನಕ್ಷೆ ಬೆಳ್ಳಗೆ ತುಂಬಿಕೊಳ್ಳುತ್ತೆ. ನಾಲ್ಕೈದು ವರ್ಷ ಬದುಕಿದ, ಉಪ್ಪು ಬಸಿದು ಗಟ್ಟಿಯಾದ ಹಳೇ ಗಡ್ಡೆ ಮಾತ್ರ ಒಂದು ಚಳಿಗಾಲದಲ್ಲಿ ವಾಪಸ್ ಬರಲ್ಲ.

ದಪ್ಪ ಅಳೆಯೋದು ಇನ್ನೂ ಕಷ್ಟ. ನೀರಿನ ಮೇಲೆ ಕಾಣೋದು ಹತ್ತನೇ ಒಂದು ಭಾಗದಷ್ಟು. 2010ರಲ್ಲಿ ಹಾರಿದ ಕ್ರಯೋಸ್ಯಾಟ್-2 ಉಪಗ್ರಹ ಆ ಎತ್ತರವನ್ನ ರೇಡಾರ್‌ನಲ್ಲಿ ಅಳೆಯುತ್ತೆ. ಅಲ್ಲಿ ಎರಡು ಸೆಂಟಿಮೀಟರ್ ತಪ್ಪಿದ್ರೆ ದಪ್ಪದಲ್ಲಿ ಇಪ್ಪತ್ತು ಸೆಂಟಿಮೀಟರ್ ತಪ್ಪುತ್ತೆ. ಮೇಲೆ ಕೂತ ಹಿಮದ ಭಾರವನ್ನ ಅಂದಾಜಿನಲ್ಲೇ ಕಳೀಬೇಕು.

ಕೊನೆಗೆ "ಹಿಮರಹಿತ ಆರ್ಕ್ಟಿಕ್" ಅನ್ನೋ ಪದ. ವಿಜ್ಞಾನಿಗಳ ಭಾಷೆಯಲ್ಲಿ ಅದು ಸೊನ್ನೆ ಅಲ್ಲ, ಹತ್ತು ಲಕ್ಷ ಚದರ ಕಿಲೋಮೀಟರ್‌ಗಿಂತ ಕಡಿಮೆ. ಗ್ರೀನ್‌ಲ್ಯಾಂಡ್ ಮತ್ತು ಕೆನಡಾ ದ್ವೀಪಗಳ ಉತ್ತರ ತೀರಕ್ಕೆ ಗಾಳಿ ನೂಕಿ ಪೇರಿಸಿದ ದಪ್ಪ ಗಡ್ಡೆ ಆಮೇಲೂ ಉಳಿದಿರುತ್ತೆ. ಆ ದಿನ ಬಂದಾಗ ಯಾರಾದ್ರೂ ಅದರ ಫೋಟೊ ಹಾಕಿ "ಎಲ್ಲಿ ಕರಗಿದೆ?" ಅಂತ ಕೇಳೇ ಕೇಳ್ತಾರೆ.