ಹಾಸಿಗೆ ಪಕ್ಕದ ಪುಟ್ಟ ಸ್ಕ್ಯಾನಿಂಗ್: ಏನು ಕೇಳಬೇಕು, ಏನು ಕೇಳಬಾರದು

ಎಲ್ಲರಿಗೂ ನಮಸ್ಕಾರ. ಈ ಮಳೆಯಲ್ಲೂ ಗೋಣಿಕೊಪ್ಪ, ಸೋಮವಾರಪೇಟೆ ಕಡೆಯಿಂದ ಬಂದಿದ್ದೀರಿ, ಖುಷಿಯಾಯಿತು.

ನನ್ನ ಕೈಯಲ್ಲಿರುವುದು ಗಡ್ಡದ ಟ್ರಿಮ್ಮರ್‌ನಷ್ಟೇ ಇರುವ ಅಲ್ಟ್ರಾಸೌಂಡ್ ಪ್ರೋಬ್, ಅಂದರೆ ಮೈಮೇಲಿಟ್ಟು ಒಳಗಿನ ಚಿತ್ರ ನೋಡುವ ಸಾಧನ. ವೈರನ್ನು ಫೋನಿಗೆ ಚುಚ್ಚಿದರೆ ಸ್ಕ್ಯಾನಿಂಗ್ ಶುರು. ಆದರೆ ಇದಕ್ಕೆ ಕೇಳಬೇಕಾದದ್ದು ‘ರೋಗಿಗೆ ಏನಾಗಿದೆ?’ ಅಂತ ಅಲ್ಲ. ‘ಇಲ್ಲಿ ನೀರಿದೆಯೋ ಇಲ್ಲವೋ?’ ಎಂಬಂಥ ಸಣ್ಣ ಪ್ರಶ್ನೆ.

ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದವರು ನಮ್ಮಲ್ಲಿಗೆ ಬರುವುದು ಹೊಸದಲ್ಲ. ವಯಸ್ಸಿನ ಹುಡುಗರಾದರೆ ಒಳಗೆ ರಕ್ತ ಸೋರುತ್ತಿದ್ದರೂ ಬಿಪಿ ಸ್ವಲ್ಪ ಹೊತ್ತು ಸರಿಯಾಗೇ ಇರುತ್ತದೆ. ಮಲಗಿಸಿ, ಬಲಗಡೆ ಕೊನೆಯ ಪಕ್ಕೆಲುಬುಗಳ ಹತ್ತಿರ ಪ್ರೋಬ್ ಇಡಿ. ಲಿವರ್ ಮತ್ತು ಕಿಡ್ನಿ ಒಂದಕ್ಕೊಂದು ಅಂಟಿಕೊಂಡಂತೆ ಕಾಣಬೇಕು. ನಡುವೆ ಕಪ್ಪು ಪಟ್ಟಿ ಕಂಡರೆ ಅಲ್ಲಿ ದ್ರವ ಸೇರಿದೆ. ಏಟು ಬಿದ್ದವರಲ್ಲಿ ಅದು ರಕ್ತ ಅಂತಲೇ ಹಿಡಿಯಬೇಕು. ಎಡಗಡೆ ಗುಲ್ಮದ (ಸ್ಪ್ಲೀನ್) ಸುತ್ತ, ಕಿಬ್ಬೊಟ್ಟೆ, ಹೃದಯದ ಸುತ್ತ, ಇಷ್ಟೂ ನೋಡಲು ಕೆಲವೇ ನಿಮಿಷ ಸಾಕು.

ನಮ್ಮ ಊರಿಗೆ ಆ ನಿಮಿಷಗಳ ಬೆಲೆ ಜಾಸ್ತಿ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿ.ಮೀ. ಮಂಗಳೂರಿಗಾದರೆ ಸಂಪಾಜೆ ಘಾಟಿ ಇಳಿಯಬೇಕು. 2018ರ ಆಗಸ್ಟ್‌ನಲ್ಲಿ ಆ ದಾರಿಯೇ ಕುಸಿದದ್ದು ಯಾರಿಗೆ ನೆನಪಿಲ್ಲ? ಕಪ್ಪು ಪಟ್ಟಿ ಕಂಡರೆ ಆಂಬುಲೆನ್ಸ್, ರಕ್ತ, ಸರ್ಜನ್‌ಗೆ ಫೋನ್, ಎಲ್ಲ ಒಟ್ಟಿಗೇ ಹೊರಡಲಿ. ಕಾಣದಿದ್ದರೆ ನಿಶ್ಚಿಂತೆ ಅಂತಲ್ಲ. ಸ್ವಲ್ಪವೇ ರಕ್ತವಿದ್ದರೆ ತಪ್ಪಿಹೋಗುತ್ತದೆ, ಕರುಳಿನ ಏಟೂ ಸಾಮಾನ್ಯವಾಗಿ ಸಿಗುವುದಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿ.

ಇನ್ನು ದಮ್ಮು. ರಾತ್ರಿ ಅಜ್ಜ ಏದುಸಿರು ಬಿಡುತ್ತಾ ಬರುತ್ತಾರೆ. ಅಸ್ತಮಾನೋ, ಹಾರ್ಟ್ ಸೋತು ಶ್ವಾಸಕೋಶದಲ್ಲಿ ನೀರು ತುಂಬಿದೆಯೋ? ಶ್ವಾಸಕೋಶದಲ್ಲಿ ಗಾಳಿ ಇರುವುದರಿಂದ ಅಲ್ಟ್ರಾಸೌಂಡ್‌ಗೆ ಅಲ್ಲಿ ಕೆಲಸವಿಲ್ಲ ಅಂತ ತುಂಬಾ ಕಾಲ ನಂಬಿದ್ದರು. ಫ್ರಾನ್ಸಿನ ಡಾ. ಡೇನಿಯಲ್ ಲಿಖ್ಟೆನ್‌ಸ್ಟೈನ್ ಆ ಗಾಳಿಯಿಂದ ಮೂಡುವ ಗೆರೆಗಳನ್ನೇ ಓದಬಹುದು ಅಂತ ತೋರಿಸಿದರು. ದಮ್ಮಿನ ಕಾರಣ ಹುಡುಕಲು ಹಂತಹಂತವಾಗಿ ಸ್ಕ್ಯಾನ್ ಮಾಡುವ ಅವರ ‘ಬ್ಲೂ’ ಪ್ರೋಟೋಕಾಲ್ 2008ರಲ್ಲಿ ಪ್ರಕಟವಾಯಿತು. ಶ್ವಾಸಕೋಶದ ಪೊರೆಯಿಂದ ಹೊರಟು ಪರದೆಯ ತಳದವರೆಗೂ ಇಳಿಯುವ, ಉಸಿರಿನ ಜೊತೆ ಅಲ್ಲಾಡುವ ಬಿಳಿ ಗೆರೆಗಳು ‘ಬಿ ಲೈನ್’. ಎರಡು ಪಕ್ಕೆಲುಬುಗಳ ನಡುವೆ ಮೂರೋ ಹೆಚ್ಚೋ, ಅದೂ ಎದೆಯ ಎರಡೂ ಕಡೆ ಹಲವು ಜಾಗದಲ್ಲಿ ಕಂಡರೆ ನೀರಿನ ಅನುಮಾನ ಬಲವಾಗುತ್ತದೆ. ನ್ಯುಮೋನಿಯಾದಲ್ಲೂ, ಗಟ್ಟಿಯಾದ ಶ್ವಾಸಕೋಶದಲ್ಲೂ ಇವು ಬರುತ್ತವೆ. ಹಾಗಾಗಿ ಕಾಲು ಊದಿದೆಯಾ, ಜ್ವರ ಇದೆಯಾ, ಅಜ್ಜನನ್ನೂ ನೋಡಬೇಕು. ಸ್ಟೆತಸ್ಕೋಪ್ ಮನೆಯಲ್ಲಿ ಬಿಟ್ಟು ಬರಬೇಡಿ ಮತ್ತೆ!

ಗೆಡ್ಡೆ ಅಳೆಯುವುದು, ಪೂರ್ತಿ ರಿಪೋರ್ಟ್ ಬರೆಯುವುದು ರೇಡಿಯಾಲಜಿಸ್ಟ್ ಕೆಲಸ. ನಾವು ಕಂಡದ್ದನ್ನು ಕೇಸ್ ಶೀಟಿನಲ್ಲಿ ಬರೆದು, ಕ್ಲಿಪ್ ಸೇವ್ ಮಾಡಿದರೆ ಸಾಕು. ಒಬ್ಬರಿಂದ ಇನ್ನೊಬ್ಬರಿಗೆ ಹೋಗುವ ಮೊದಲು ಜೆಲ್ ಒರೆಸಿ, ಆಮೇಲೆ ಕಂಪನಿ ಹೇಳಿದ ದ್ರಾವಣದಲ್ಲೇ ಪ್ರೋಬ್ ಶುಚಿ ಮಾಡಿ. ಸಿಸ್ಟರ್‌ಗಳಿಗೆ ಇದು ಹೇಳಬೇಕಾಗಿಲ್ಲ, ಡಾಕ್ಟರ್‌ಗಳಿಗೇ ಹೇಳುತ್ತಿದ್ದೇನೆ.

ಕಾನೂನಿನ ಮಾತು ಒಂದಿದೆ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆಗೆ ಯಂತ್ರ ಚಿಕ್ಕದು, ದೊಡ್ಡದು ಅನ್ನುವ ಭೇದವಿಲ್ಲ. ನೋಂದಣಿ ಬೇಕೇ ಬೇಕು. ಗರ್ಭಿಣಿಯನ್ನು ಸ್ಕ್ಯಾನ್ ಮಾಡಿದರೆ ಆ ಕಾಯ್ದೆಯ ದಾಖಲೆ ಪತ್ರ, ಫಾರಂ ಎಫ್, ತುಂಬಬೇಕು. 2012ರ ತಿದ್ದುಪಡಿಯ ಪ್ರಕಾರ ಇಂಥ ಪೋರ್ಟಬಲ್ ಯಂತ್ರವನ್ನು ನೋಂದಾಯಿತ ಆಸ್ಪತ್ರೆಯೊಳಗೆ ಒಳರೋಗಿಗಳಿಗೆ, ಇಲ್ಲವೇ ನೋಂದಾಯಿತ ಸಂಚಾರಿ ವೈದ್ಯಕೀಯ ಘಟಕದಲ್ಲಿ ಬಳಸಬಹುದು. ತೋಟದ ಮಾಲೀಕರು ಪರಿಚಯದವರು ಅಂತ ಜೇಬಿನಲ್ಲಿಟ್ಟುಕೊಂಡು ಕಾರ್ಮಿಕರ ಲೈನ್ ಮನೆಗೆ ಹೋಗಿ ಸ್ಕ್ಯಾನ್ ಮಾಡುವ ಹಾಗಿಲ್ಲ.

ಚಹಾ ಆದಮೇಲೆ ಪ್ರೋಬ್ ನಿಮ್ಮ ಕೈಗೇ ಕೊಡುತ್ತೇನೆ. ಮೊದಲು ಲಿವರ್, ಕಿಡ್ನಿ ಹುಡುಕಿ ತೋರಿಸಿ.