ಕೆಸರೂರಿನ ಬೆಂಕಿ ಹಠಾತ್ತನೆ ಹತ್ತಿದ್ದಲ್ಲ

ನಮಸ್ಕಾರ. ಚಿಕ್ಕಮಗಳೂರಿನಲ್ಲಿ ಓದುವವರು ನಾಲ್ಕು ಜನ ಸೇರಿ ಪೂರ್ಣಚಂದ್ರ ತೇಜಸ್ವಿಯವರ ‘ಚಿದಂಬರ ರಹಸ್ಯ’ದ ಮಾತು ತೆಗೆದಾಗಲೆಲ್ಲ ಒಂದು ಆಕ್ಷೇಪ ಕೇಳಿಬರುತ್ತದೆ. ಅಷ್ಟು ಹೊತ್ತು ನಗಿಸಿಕೊಂಡು ಬಂದ ಕಾದಂಬರಿ ಕೊನೆಗೆ ಊರನ್ನೇ ಬೆಂಕಿಗೆ ಕೊಟ್ಟು ಮುಗಿದುಬಿಡುತ್ತದೆ, ಕಥೆಯ ಎಳೆಗಳನ್ನು ಜೋಡಿಸಲಾಗದೆ ಲೇಖಕರು ಹೀಗೆ ಮಾಡಿದರು ಎಂಬುದು ಆ ಆಕ್ಷೇಪ. ನಾನು ಇದನ್ನು ಒಪ್ಪುವುದಿಲ್ಲ.

1985ರಲ್ಲಿ ಪ್ರಕಟವಾಗಿ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಈ ಕಾದಂಬರಿ ಪತ್ತೇದಾರಿ ಕಥೆಯಂತೆ ಶುರುವಾಗುತ್ತದೆ. ಏಲಕ್ಕಿ ಬೆಳೆ ಏಕೆ ಕುಸಿಯುತ್ತಿದೆ, ವಿಜ್ಞಾನಿ ಜೋಗಿಹಾಳರು ಸತ್ತದ್ದು ಹೇಗೆ ಎಂದು ತಿಳಿಯಲು ಅಂಗಡಿ ಎಂಬ ಗುಪ್ತಚರ ಅಧಿಕಾರಿ ಕೆಸರೂರಿಗೆ ಬರುತ್ತಾರೆ. ಮೂಡಿಗೆರೆ, ಸಕಲೇಶಪುರದ ಕಡೆಯ ಓದುಗರಿಗೆ ಇದು ಕಟ್ಟುಕಥೆ ಎನಿಸುವುದಿಲ್ಲ. ಕಟ್ಟೆ ರೋಗ ಬಿದ್ದ ಏಲಕ್ಕಿ ತೋಟ ಹೇಗೆ ಸೊರಗುತ್ತದೆ, ನೆರಳಿನ ಮರ ಹೋದರೆ ಆ ಗಿಡದ ಗತಿಯೇನು ಎಂಬುದನ್ನು ಇಲ್ಲಿನ ಬೆಳೆಗಾರರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ತನಿಖೆ ಮುಂದುವರಿದಂತೆ ರಹಸ್ಯ ಬಿಡಿಸಿಕೊಳ್ಳುವ ಬದಲು ಇನ್ನಷ್ಟು ಗೋಜಲಾಗುತ್ತದೆ. ಕೃಷ್ಣೇಗೌಡರ ದರ್ಪ, ಸುಲೇಮಾನ್ ಬ್ಯಾರಿಯ ವ್ಯವಹಾರ, ಕ್ರಾಂತಿಯ ಕನಸು ಕಾಣುವ ಹುಡುಗರು, ರಫಿ ಮತ್ತು ಜಯಂತಿಯ ಪ್ರೀತಿ, ಎಲ್ಲಕ್ಕೂ ಜಾತಿಯ, ಧರ್ಮದ ಬಣ್ಣ ಬಳಿಯಲು ಕಾದು ಕುಳಿತ ಜನ: ಇವರೆಲ್ಲ ತಮ್ಮ ತಮ್ಮ ಅನುಮಾನದಲ್ಲಿ ಎಷ್ಟು ಮುಳುಗಿರುತ್ತಾರೆಂದರೆ, ಕಾಡು ಕಡಿದ ಜಾಗದಲ್ಲೆಲ್ಲ ಹಬ್ಬಿ ಊರಿನ ಅಂಚಿಗೇ ಬಂದು ನಿಂತ ಲಂಟಾನ ಒಬ್ಬರಿಗೂ ಕಾಣುವುದಿಲ್ಲ. ನನಗೆ ಈ ಕಾದಂಬರಿಯ ಹಾಸ್ಯ ಹುಟ್ಟುವುದು ಇಲ್ಲಿಯೇ. ತೇಜಸ್ವಿಯವರು ಯಾರನ್ನೂ ಮೂರ್ಖರೆಂದು ಹಂಗಿಸುವುದಿಲ್ಲ. ಒಬ್ಬೊಬ್ಬರ ತರ್ಕವೂ ಅವರವರ ಮಟ್ಟಿಗೆ ಸರಿಯಾಗಿಯೇ ಇರುತ್ತದೆ, ಆದರೆ ಆ ತರ್ಕಗಳೆಲ್ಲ ಸೇರಿ ಊರನ್ನು ತಳ್ಳಿಕೊಂಡು ಹೋಗುವ ದಿಕ್ಕು ಮಾತ್ರ ಭಯ ಹುಟ್ಟಿಸುತ್ತದೆ. ನಾವು ನಗುವುದೂ ಹೆದರುವುದೂ ಒಂದೇ ವಾಕ್ಯಕ್ಕೆ.

ಲಂಟಾನ ಈ ನೆಲದ ಗಿಡವಲ್ಲ. ಅಮೆರಿಕ ಖಂಡದ ಉಷ್ಣವಲಯದಿಂದ ಅಲಂಕಾರಕ್ಕೆಂದು ತಂದ ಗಿಡ ನಮ್ಮ ಕಾಡುಗಳನ್ನು ಆಕ್ರಮಿಸಿಕೊಂಡಿತು, ಮತ್ತು ಬೇಸಿಗೆಯಲ್ಲಿ ಅದರ ಒಣಗಿದ ಪೊದೆ ಎಷ್ಟು ಬೇಗ ಹೊತ್ತಿಕೊಳ್ಳುತ್ತದೆ ಎಂಬುದನ್ನು ಕಾಡಂಚಿನಲ್ಲಿ ಬದುಕುವವರು ಬಲ್ಲರು. ಹಾಗಾಗಿ ಕೊನೆಯ ಬೆಂಕಿಯನ್ನು ಲೇಖಕರು ಹೊರಗಿನಿಂದ ತಂದು ಹಚ್ಚಲಿಲ್ಲ; ಅದಕ್ಕೆ ಬೇಕಾದ ಉರುವಲನ್ನು ಊರಿನ ಜನರೇ ವರ್ಷಗಟ್ಟಲೆ ಒಟ್ಟಿದ್ದರು. ಯಾರು ಕೊಂದರು ಎಂಬ ಪ್ರಶ್ನೆಗೆ ಒಬ್ಬ ಅಪರಾಧಿಯನ್ನು ಹಿಡಿದುಕೊಟ್ಟಿದ್ದರೆ ಓದುಗರು ನೆಮ್ಮದಿಯಿಂದ ಪುಸ್ತಕ ಮುಚ್ಚುತ್ತಿದ್ದರು, ಆ ನೆಮ್ಮದಿ ಸುಳ್ಳಾಗುತ್ತಿತ್ತು.

ನನಗೂ ಒಂದು ಅಸಮಾಧಾನವಿದೆ. ಊರೆಲ್ಲ ಜಯಂತಿಯ ಬಗ್ಗೆ ಮಾತಾಡುತ್ತದೆ, ಆದರೆ ಆಕೆಯ ಮನಸ್ಸಿನೊಳಗೆ ನಡೆಯುವುದನ್ನು ಕೇಳಲು ಕಾದಂಬರಿ ಕೊಡುವ ಜಾಗ ತೀರ ಕಡಿಮೆ. ಗಂಡಸರ ಗೊಂದಲಗಳಿಗೆ ಅಷ್ಟು ಪುಟಗಳನ್ನು ಮೀಸಲಿಟ್ಟ ಲೇಖಕರು, ಆ ಗೊಂದಲಗಳ ಭಾರವನ್ನೆಲ್ಲ ಹೊರುವ ಹುಡುಗಿಗೆ ಇನ್ನೂ ಕೆಲವು ಪುಟಗಳನ್ನು ಕೊಡಬೇಕಿತ್ತು.