ಹಡಗು ಬಾರದ ದಿನವೂ ಹಾಸಿಗೆ ಸುತ್ತಿದ್ದೇಕೆ?

[ತೆರೆ ಕಪ್ಪಾಗಿದೆ. ಗಾಳಿಯ ಸದ್ದು ಮಾತ್ರ ಕೇಳಿಸುತ್ತದೆ. ನಂತರ ನಿರೂಪಕರು.]

ಒಬ್ಬ ವೀಕ್ಷಕರು ಕಳುಹಿಸಿದ ಪ್ರಶ್ನೆಯೊಂದು ವಾರದಿಂದ ನನ್ನ ತಲೆಯಲ್ಲೇ ಕುಳಿತಿದೆ. ಅವರು ಆರು ಜನರ ತಂಡವೊಂದನ್ನು ನೋಡಿಕೊಳ್ಳುತ್ತಾರೆ. ಅವರ ಕೆಲಸ ಮುಂದೆ ಸಾಗಬೇಕಾದರೆ ಬೇರೆ ಯಾರೋ ಒಪ್ಪಿಗೆ ಕೊಡಬೇಕು. ಎರಡು ತಿಂಗಳಾದರೂ ಒಪ್ಪಿಗೆ ಬಂದಿಲ್ಲ. ‘ತಂಡ ದಿನವೂ ಬಂದು ಕೂರುತ್ತದೆ, ದಿನವೂ ಇನ್ನಷ್ಟು ಸೊರಗುತ್ತದೆ. ಇಂಥ ದಿನಗಳ ಸದುಪಯೋಗ ಎಂದರೆ ಏನು?’ ಎಂದು ಅವರು ಕೇಳಿದ್ದಾರೆ.

ಸಾಮಾನ್ಯ ಉತ್ತರಗಳು ನಿಮಗೆ ಬಾಯಿಪಾಠವಾಗಿರುತ್ತವೆ. ಬೇಗ ಏಳಿ, ಪಟ್ಟಿ ಮಾಡಿ, ಕಷ್ಟದ ಕೆಲಸವನ್ನು ಮೊದಲು ಮುಗಿಸಿ, ಮೊಬೈಲನ್ನು ದೂರವಿಡಿ. ತಪ್ಪೇನಿಲ್ಲ. ಆದರೆ ನಿಮ್ಮ ದಿನ ನಿಮ್ಮ ಕೈಯಲ್ಲೇ ಇದೆ ಎಂದು ನಂಬಿದವರು ಕೊಡುವ ಸಲಹೆಗಳಿವು. ಕಾಯುವವನ ದಿನ ಅವನ ಕೈಯಲ್ಲಿರುವುದಿಲ್ಲ. ಅವನು ಬೆಳಗಿನ ಜಾವ ನಾಲ್ಕಕ್ಕೆ ಎದ್ದರೆ ಕಾಯುವ ಹೊತ್ತು ಮೂರು ತಾಸು ಹೆಚ್ಚಾಗುತ್ತದೆ, ಅಷ್ಟೇ.

ಹಾಗಾಗಿ ಕಾಯುವುದನ್ನೇ ಕೆಲಸ ಮಾಡಿಕೊಂಡವರು ಯಾರಿದ್ದಾರೆ ಎಂದು ಹುಡುಕಿದೆ. ಸಿಕ್ಕಿದವನು ಫ್ರಾಂಕ್ ವೈಲ್ಡ್.

[ನಕ್ಷೆ: ಅಂಟಾರ್ಕ್ಟಿಕಾ, ಎಲಿಫೆಂಟ್ ದ್ವೀಪ]

ಹಿನ್ನೆಲೆಯನ್ನು ಓಡಿಸಿಬಿಡುತ್ತೇನೆ. ಅರ್ನೆಸ್ಟ್ ಶ್ಯಾಕಲ್ಟನ್ ಅಂಟಾರ್ಕ್ಟಿಕಾವನ್ನು ಅಡ್ಡಲಾಗಿ ದಾಟಲು ಹೊರಟಿದ್ದು 1914ರಲ್ಲಿ. 1915ರ ಜನವರಿಯಲ್ಲಿ ಅವನ ಹಡಗು ‘ಎಂಡ್ಯೂರೆನ್ಸ್’ ಹಿಮಗಡ್ಡೆಗಳ ನಡುವೆ ಸಿಕ್ಕಿಕೊಂಡಿತು, ನವೆಂಬರಿನಲ್ಲಿ ಮುಳುಗಿತು. ಹಡಗಿನಲ್ಲಿದ್ದ 28 ಜನ 1916ರ ಏಪ್ರಿಲ್‌ನಲ್ಲಿ ಮೂರು ದೋಣಿಗಳಲ್ಲಿ ಎಲಿಫೆಂಟ್ ದ್ವೀಪವನ್ನು ಮುಟ್ಟಿದರು. ಏಪ್ರಿಲ್ 24ರಂದು ಶ್ಯಾಕಲ್ಟನ್ ಐವರನ್ನು ಕರೆದುಕೊಂಡು, ಏಳು ಮೀಟರ್ ಉದ್ದದ ದೋಣಿಯಲ್ಲಿ, ಸುಮಾರು 1,300 ಕಿಲೋಮೀಟರ್ ದೂರದ ದಕ್ಷಿಣ ಜಾರ್ಜಿಯಾ ದ್ವೀಪಕ್ಕೆ ಸಹಾಯ ತರಲು ಹೊರಟ.

ನಾಯಕತ್ವದ ಉಪನ್ಯಾಸಗಳೆಲ್ಲ ಇಲ್ಲಿ ಆ ದೋಣಿಯನ್ನೇ ಹತ್ತುತ್ತವೆ. ಅಲೆ, ಬಿರುಗಾಳಿ, ಧೈರ್ಯ, ಚಪ್ಪಾಳೆ. ನಾವು ದೋಣಿ ಹತ್ತುವುದು ಬೇಡ. ದಡದಲ್ಲಿ ಉಳಿದ 22 ಜನರ ಜೊತೆಗೇ ಇರೋಣ.

ಅವರ ಮನೆ ಎಂದರೆ ಗಿಡ್ಡ ಕಲ್ಲಿನ ಗೋಡೆಯ ಮೇಲೆ ಮಗುಚಿ ಹಾಕಿದ ಎರಡು ದೋಣಿ. ಒಳಗೆ ನೆಟ್ಟಗೆ ನಿಲ್ಲಲಾಗದು. ತಿನ್ನಲು ಸೀಲ್ ಮತ್ತು ಪೆಂಗ್ವಿನ್ ಮಾಂಸ, ದೀಪಕ್ಕೂ ಸೀಲ್ ಕೊಬ್ಬು. ಇವೆಲ್ಲಕ್ಕಿಂತ ಕೆಟ್ಟದ್ದು ಇನ್ನೊಂದು. ಅವರು ಅಲ್ಲಿದ್ದಾರೆಂಬುದು ಜಗತ್ತಿನಲ್ಲಿ ಗೊತ್ತಿದ್ದುದು ಆ ಸಣ್ಣ ದೋಣಿಯಲ್ಲಿ ಹೋದ ಆರು ಮಂದಿಗೆ ಮಾತ್ರ. ದೋಣಿ ಮುಳುಗಿದ್ದರೆ ಯಾರೂ ಬರುವುದಿಲ್ಲ, ಮುಳುಗಿದ ಸುದ್ದಿಯೂ ಬರುವುದಿಲ್ಲ. ನಮ್ಮ ವೀಕ್ಷಕರಿಗೆ ಕೊನೆಯ ಪಕ್ಷ ‘ಕಡತ ಪರಿಶೀಲನೆಯಲ್ಲಿದೆ’ ಎಂದು ಹೇಳುವವರಾದರೂ ಇದ್ದಾರೆ.

ಈ 22 ಜನರ ಹೊಣೆ ಹೊತ್ತಿದ್ದವನು ವೈಲ್ಡ್. ಶ್ಯಾಕಲ್ಟನ್ ಹೋಗಿ ಎರಡು ವಾರ ಕಳೆದ ಮೇಲೆ ಅವನು ದಿನವೂ ಒಂದು ಕೆಲಸ ಮಾಡತೊಡಗಿದ. ಎದ್ದವನೇ ತನ್ನ ಮಲಗುವ ಚೀಲವನ್ನು ಸುತ್ತಿ ಕಟ್ಟುತ್ತಿದ್ದ, ಕಟ್ಟುತ್ತಾ ಉಳಿದವರಿಗೆ ಹೇಳುತ್ತಿದ್ದ: ‘ಸಾಮಾನು ಕಟ್ಟಿಕೊಳ್ಳಿ ಹುಡುಗರೇ, ಇವತ್ತು ಬಾಸ್ ಬರಬಹುದು.’ ಬಾಸ್ ಎಂದರೆ ಶ್ಯಾಕಲ್ಟನ್.

ಮರುದಿನವೂ ಅದೇ ಕೆಲಸ, ಅದೇ ಮಾತು. ಅದರ ಮರುದಿನವೂ.

ಮೊದಲ ಎರಡು ವಾರ ಏಕೆ ಹೇಳಲಿಲ್ಲ? ನನ್ನ ಊಹೆ ಸರಳ: ಹೋಗಿ ಬರಲು ಅಷ್ಟು ದಿನವಾದರೂ ಬೇಕೆಂದು ಎಲ್ಲರಿಗೂ ಗೊತ್ತಿತ್ತು. ಆಗಲೇ ಹೇಳಿದ್ದರೆ ಅದು ಬರೀ ಹುರಿದುಂಬಿಸುವ ಮಾತಾಗುತ್ತಿತ್ತು.

[ತೆರೆಯ ಮೇಲೆ ಮೂರು ಪದ: ಬರುತ್ತಾನೆ – ಬರಲಿಕ್ಕಿಲ್ಲ – ಬರಬಹುದು]

ಈಗ ನನ್ನನ್ನು ಸ್ವಲ್ಪ ಸಹಿಸಿಕೊಳ್ಳಿ, ಏಕೆಂದರೆ ಇಡೀ ಕಥೆಯಲ್ಲಿ ನನಗೆ ಅತಿ ಇಷ್ಟವಾದದ್ದು ಆ ಕೊನೆಯ ‘ಬಹುದು’. ವೈಲ್ಡ್ ಹೇಳಿದ್ದು ಇಂಗ್ಲಿಷಿನಲ್ಲಿ, ನಿಜ. ಆದರೆ ಕನ್ನಡದಲ್ಲಿ ಇಟ್ಟು ನೋಡಿದರೆ ಅದರ ಚಂದ ಇನ್ನೂ ಚೆನ್ನಾಗಿ ಕಾಣುತ್ತದೆ.

‘ಇವತ್ತು ಬಾಸ್ ಬರುತ್ತಾನೆ’ ಎಂದಿದ್ದರೆ ಸಂಜೆಗೆ ಅದು ಸುಳ್ಳಾಗುತ್ತಿತ್ತು. ಹತ್ತು ಸಂಜೆ ಸುಳ್ಳಾದ ಮೇಲೆ ಹನ್ನೊಂದನೆಯ ಬೆಳಿಗ್ಗೆ ಯಾರು ಕಿವಿಗೊಡುತ್ತಾರೆ? ‘ಬರಲಿಕ್ಕಿಲ್ಲ’ ಎಂದಿದ್ದರೆ ಮಲಗಿದವರು ಏಳುತ್ತಲೇ ಇರಲಿಲ್ಲ. ‘ಬರಬಹುದು’ ಎಂಬುದು ಬೆಳಿಗ್ಗೆಯೂ ನಿಜ, ಹಡಗು ಬಾರದೆ ಕತ್ತಲಾದ ಮೇಲೂ ಸುಳ್ಳಲ್ಲ. ನೂರಕ್ಕೂ ಹೆಚ್ಚು ಬೆಳಗುಗಳಲ್ಲಿ ಒಂದೇ ಮಾತನ್ನು ಹೇಳಿ ಒಮ್ಮೆಯೂ ಸುಳ್ಳುಗಾರನಾಗದೆ ಉಳಿಯಲು ಬೇರೆ ದಾರಿಯೇ ಇರಲಿಲ್ಲ.

ಜೊತೆಗೆ ಆ ಮಾತಿಗೆ ಕೈಕೆಲಸವೊಂದು ಅಂಟಿಕೊಂಡಿತ್ತು. ‘ಆಶಾವಾದಿಗಳಾಗಿರಿ’ ಎಂದು ಅವನು ಭಾಷಣ ಮಾಡಲಿಲ್ಲ, ಹಾಸಿಗೆ ಸುತ್ತಿದ. ಎರಡು ನಿಮಿಷದ ಕೆಲಸ, ಯಾರ ಅಪ್ಪಣೆಯೂ ಬೇಡ. ಹಡಗು ಬಂದರೆ ಉಪಯೋಗಕ್ಕೆ ಬರುತ್ತದೆ, ಬಾರದಿದ್ದರೆ ರಾತ್ರಿ ಬಿಚ್ಚಿ ಹಾಸಿಕೊಂಡರಾಯಿತು. ಅದಕ್ಕಿಂತ ಹೆಚ್ಚು ಮುಖ್ಯವಾದದ್ದು ಮೊದಲು ಸುತ್ತುತ್ತಿದ್ದವನು ಅವನೇ ಎಂಬುದು.

ನಾನು ಇದರ ತದ್ವಿರುದ್ಧ ಮಾಡಿದವನು. ಹಿಂದೆ ಒಂದು ಕಡೆ ಪುಟ್ಟ ತಂಡ ನೋಡಿಕೊಳ್ಳುತ್ತಿದ್ದಾಗ, ಮೇಲಿನವರ ತೀರ್ಮಾನಕ್ಕೆ ಕಾಯುತ್ತಾ ‘ಈ ಶುಕ್ರವಾರ ಖಂಡಿತ’ ಎಂದು ನಾಲ್ಕು ಶುಕ್ರವಾರ ಹೇಳಿದೆ. ಐದನೆಯ ಸಲ ಬಾಯಿ ತೆರೆಯುವ ಮೊದಲೇ ಮೂಲೆಯಿಂದ ಯಾರೋ ‘ಯಾವ ಶುಕ್ರವಾರ?’ ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಅಂದಿನಿಂದ ನಾನು ಹೇಳಿದ ಯಾವ ದಿನಾಂಕವನ್ನೂ ಯಾರೂ ಬರೆದುಕೊಳ್ಳಲಿಲ್ಲ.

ವಿಯೆಟ್ನಾಂನಲ್ಲಿ 1965ರಿಂದ 1973ರವರೆಗೆ ಯುದ್ಧಕೈದಿಯಾಗಿದ್ದ ಅಮೆರಿಕದ ನೌಕಾಪಡೆಯ ಅಧಿಕಾರಿ ಜೇಮ್ಸ್ ಸ್ಟಾಕ್‌ಡೇಲ್ ಕೂಡ ಇಂಥದ್ದೇ ಹೇಳಿದ್ದಾನೆ. ಅವನು ಕಂಡಂತೆ ಎದೆಯೊಡೆದು ಕುಸಿದವರು ನಿರಾಶರಲ್ಲ, ‘ಕ್ರಿಸ್‌ಮಸ್ ಹೊತ್ತಿಗೆ ಬಿಡುಗಡೆ’, ‘ಈಸ್ಟರ್ ಹೊತ್ತಿಗೆ ಬಿಡುಗಡೆ’ ಎಂದು ದಿನಾಂಕ ಕಟ್ಟಿಕೊಂಡವರು.

ಇಲ್ಲಿ ಒಂದು ಎಚ್ಚರಿಕೆ, ಇಲ್ಲದಿದ್ದರೆ ನಾನೂ ಆ ಉಪನ್ಯಾಸಕರ ಸಾಲಿಗೆ ಸೇರಿಬಿಡುತ್ತೇನೆ. ವೈಲ್ಡ್ ಮಾಡಿದ್ದೆಲ್ಲ ಸರಿಯಲ್ಲ. ಮಾಂಸವನ್ನು ಹೆಚ್ಚು ಕೂಡಿಡೋಣ ಎಂಬ ಮಾತು ಬಂದಾಗ ಅವನು ಒಪ್ಪಲಿಲ್ಲ. ಅಷ್ಟು ಕೂಡಿಟ್ಟರೆ ‘ಯಾರೂ ಬರುವುದಿಲ್ಲ’ ಎಂದು ಒಪ್ಪಿಕೊಂಡಂತೆ ಎಂಬುದು ಅವನ ಲೆಕ್ಕ. ಹಡಗು ಇನ್ನೊಂದು ತಿಂಗಳು ತಡವಾಗಿದ್ದರೆ ಇದೇ ಕಥೆಯನ್ನು ನಾವು ಬೇರೆ ದನಿಯಲ್ಲಿ ಹೇಳುತ್ತಿದ್ದೆವು. ‘ಶ್ಯಾಕಲ್ಟನ್ ಒಬ್ಬನನ್ನೂ ಕಳೆದುಕೊಳ್ಳಲಿಲ್ಲ’ ಎಂಬ ಪ್ರಸಿದ್ಧ ವಾಕ್ಯವೂ ಅರ್ಧ ಸತ್ಯ. ಖಂಡದ ಇನ್ನೊಂದು ಬದಿಯಲ್ಲಿ, ರಾಸ್ ಸಮುದ್ರದ ಕಡೆಯಿಂದ, ಅವನ ದಾರಿಗಾಗಿ ಆಹಾರ ಕೂಡಿಡಲು ಹೋಗಿದ್ದ ಅವನದೇ ತಂಡದ ಮೂವರು 1916ರಲ್ಲಿ ಸತ್ತರು. ಆ ಆಹಾರ ತಿನ್ನಲು ಯಾರೂ ಬರಲೇ ಇಲ್ಲ. ಚಪ್ಪಾಳೆಯ ನಡುವೆ ಈ ಮೂವರು ಸದಾ ಮರೆತುಹೋಗುತ್ತಾರೆ.

[ಗಡಿಯಾರದ ಚಿತ್ರ]

ಸಮಯ ನೋಡಿದೆ, ಓಡಬೇಕು. ಪ್ರಶ್ನೆ ಕೇಳಿದವರಿಗೆ ಉತ್ತರ ಬಾಕಿ ಇದೆ, ಒಂದೇ ಉಸಿರಿಗೆ ಹೇಳುತ್ತೇನೆ. ಒಪ್ಪಿಗೆ ಬಂದ ಮೊದಲ ಒಂದು ಗಂಟೆಯಲ್ಲಿ ನಿಮ್ಮ ತಂಡ ಏನೇನು ಮಾಡಬೇಕು ಎಂದು ಬರೆಯಿರಿ. ಅದರಲ್ಲಿ ಇವತ್ತೇ ಮಾಡಿಡಬಹುದಾದ ಒಂದನ್ನು ಬೆಳಿಗ್ಗೆಯೇ ಮಾಡಿ, ನೀವೇ ಮೊದಲು ಮಾಡಿ. ಎಷ್ಟು ದಿನ ಹಿಡಿಯುತ್ತದೆ ಎಂದು ಮಾತ್ರ ಭವಿಷ್ಯ ಹೇಳಬೇಡಿ, ಅದರಲ್ಲಿ ನಾವೆಲ್ಲ ದಡ್ಡರೇ. 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ತಮ್ಮ ಪ್ರಬಂಧ ಸುಮಾರು 34 ದಿನಗಳಲ್ಲಿ ಮುಗಿಯುತ್ತದೆ ಎಂದಿದ್ದ ವಿದ್ಯಾರ್ಥಿಗಳಿಗೆ ಸರಾಸರಿ 55 ದಿನ ಹಿಡಿಯಿತು. 21 ದಿನ ಮಾಡಿದರೆ ಅಭ್ಯಾಸವಾಗುತ್ತದೆ ಎಂಬುದನ್ನೂ ನಂಬಬೇಡಿ. ಲಂಡನ್ನಿನ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅದು 66 ದಿನಗಳ ಆಸುಪಾಸು ಬಂತು, ಅದೂ ವ್ಯಕ್ತಿಯಿಂದ ವ್ಯಕ್ತಿಗೆ 18ರಿಂದ 254ರವರೆಗೆ. ಪಟ್ಟಿ ಮಾಡುವ ವಿಧಾನಗಳ ಬಗ್ಗೆ ಬರೆದುಕೊಂಡಿದ್ದ ಎರಡು ಪುಟವನ್ನು ಬಿಟ್ಟುಬಿಡುತ್ತೇನೆ, ನಿಮಗೆ ನಷ್ಟವೇನಿಲ್ಲ.

ಉಳಿದ ಒಂದು ನಿಮಿಷ ನನಗೆ ಹಗ್ಗದ ಕಥೆಗೆ ಬೇಕು.

[ಮಂಜು ಕವಿದ ಸಮುದ್ರ]

ಶ್ಯಾಕಲ್ಟನ್ ದಕ್ಷಿಣ ಜಾರ್ಜಿಯಾ ತಲುಪಿದ್ದ. ಮೂರು ಹಡಗುಗಳಲ್ಲಿ ಮೂರು ಸಲ ವಾಪಸು ಬರಲು ನೋಡಿ, ಮಂಜುಗಡ್ಡೆಗೆ ಸೋತು ಹಿಂದಿರುಗಿದ್ದ. ಎಲಿಫೆಂಟ್ ದ್ವೀಪದಲ್ಲಿದ್ದವರಿಗೆ ಇದ್ಯಾವುದೂ ಗೊತ್ತಿಲ್ಲ. ನಾಲ್ಕನೆಯ ಸಲ ಚಿಲಿ ದೇಶದ ‘ಯೆಲ್ಚೊ’ ಎಂಬ ಪುಟ್ಟ ಹಡಗು ಸಿಕ್ಕಿತು. 1916ರ ಆಗಸ್ಟ್ 30, ಮಧ್ಯಾಹ್ನದ ಊಟದ ಹೊತ್ತು. ಹೊರಗಿದ್ದವನು ಹಡಗು ಎಂದು ಕೂಗಿದ. ಒಳಗಿದ್ದವರೆಲ್ಲ ಒಮ್ಮೆಗೇ ನುಗ್ಗಿದ ರಭಸಕ್ಕೆ ಸೀಲ್ ಮಾಂಸದ ಸಾರು ಚೆಲ್ಲಿತು, ಗುಡಿಸಲಿನ ಕ್ಯಾನ್ವಾಸ್ ಹರಿಯಿತು. ವೈಲ್ಡ್ ಕೊನೆಯ ಪೆಟ್ರೋಲ್ ಡಬ್ಬಿಗೆ ತೂತು ಮಾಡಿ, ಕೋಟು ಕಾಲುಚೀಲಗಳನ್ನು ಅದರಲ್ಲಿ ಅದ್ದಿ ಬೆಂಕಿ ಹಚ್ಚಿದ.

ಇನ್ನು ಧ್ವಜ ಏರಿಸಬೇಕು. ಹಗ್ಗ ಸಿಕ್ಕಿಹಾಕಿಕೊಂಡಿತು, ಧ್ವಜವೋ ಮರಗಟ್ಟಿ ಬಿಚ್ಚಲೇ ಇಲ್ಲ. ನೂರಕ್ಕೂ ಹೆಚ್ಚು ಬೆಳಗು ಹಾಸಿಗೆ ಸುತ್ತಿ ತಯಾರಾಗಿದ್ದ ತಂಡಕ್ಕೆ, ಬೇಕಾದ ಆ ಐದು ನಿಮಿಷದಲ್ಲಿ ಕೈಕೊಟ್ಟದ್ದು ಒಂದು ಹಗ್ಗ! ಕೊನೆಗೆ ವೈದ್ಯ ಮ್ಯಾಕ್ಲಿನ್ ತನ್ನ ಮೈಮೇಲಿನ ಅಂಗಿಯನ್ನೇ ಕಂಬಕ್ಕೆ ಕಟ್ಟಿ, ಅದು ಎಷ್ಟು ಮೇಲೆ ಹೋಗುತ್ತದೋ ಅಷ್ಟಕ್ಕೆ ಏರಿಸಿದ.

ಹಡಗಿನಿಂದ ಸಣ್ಣ ದೋಣಿಯೊಂದು ಇಳಿಯಿತು. ಎಲ್ಲರೂ ಕ್ಷೇಮವೇ ಎಂದು ಶ್ಯಾಕಲ್ಟನ್ ದೂರದಿಂದಲೇ ಕೂಗಿದ. ಎಲ್ಲರೂ ಕ್ಷೇಮ ಎಂದು ವೈಲ್ಡ್ ಉತ್ತರಿಸಿದ. ಸುಮಾರು ಒಂದು ಗಂಟೆಯೊಳಗೆ 22 ಜನರೂ ಹಡಗಿನಲ್ಲಿದ್ದರು.